ಇಲಿಗಳಲ್ಲಿ ಆತಂಕ ತಗ್ಗಿದೆ, ನೆನಪೂ ಕುಂದಿದೆ ಎನ್ನಬಹುದೇ?

ಪ್ರಶ್ನೆ: ಎತ್ತರದ ಪ್ಲಸ್ ಮೇಜ್‌ನಲ್ಲಿ (ನೆಲದಿಂದ ಮೇಲೆತ್ತಿದ, ಎರಡು ತೋಳುಗಳಿಗೆ ಗೋಡೆಯಿದ್ದು ಎರಡಕ್ಕಿಲ್ಲದ, + ಆಕಾರದ ಪರೀಕ್ಷಾ ಹಾದಿ) ಔಷಧ ಪಡೆದ ಇಲಿಗಳು, ಇಲಿಗಳು ಸಾಮಾನ್ಯವಾಗಿ ಅಂಜುವ ಗೋಡೆಯಿಲ್ಲದ ತೋಳುಗಳಲ್ಲಿ ಹೆಚ್ಚು ಹೊತ್ತು ಕಳೆದಿವೆ. ಆದರೆ ಮಾರಿಸ್ ನೀರಿನ ಮೇಜ್‌ನಲ್ಲಿ (ಇಲಿ ಜಾಗವನ್ನು ನೆನಪಿಟ್ಟು ಈಜಿ ಹುಡುಕಬೇಕಾದ ಕೊಳ) ಮುಳುಗಿಸಿಟ್ಟ ವೇದಿಕೆಯನ್ನು ತಲುಪಲು ಅವೇ ಇಲಿಗಳು ತಡಮಾಡುತ್ತಿವೆ. ಔಷಧ ಆತಂಕವನ್ನು ತಗ್ಗಿಸಿ ನೆನಪನ್ನೂ ಕುಂದಿಸಿದೆ ಎಂದು ಬರೆಯಬಹುದೇ?

ಉತ್ತರ 1: ಅಷ್ಟು ಅವಸರ ಬೇಡ. ಡಯಾಜೆಪಾಮ್‌ನಂಥ ಆತಂಕ ತಗ್ಗಿಸುವ ಔಷಧಗಳು ಎರಡೂ ಪರಿಣಾಮಗಳನ್ನು ಬೀರುತ್ತವೆ ಎಂಬುದು ನಿಜವಾದರೂ, ಪ್ರಮಾಣ ಹೆಚ್ಚಿದಾಗ ಬರುವ ಮಂಪರಿನಿಂದ ಈಜು ನಿಧಾನವಾಗಿ, ಅದೇ ಮರೆವಿನಂತೆ ಕಾಣುವ ಸಾಧ್ಯತೆಯಿದೆ. ಆದ್ದರಿಂದ ಸಮಯದ ಬದಲು ಈಜಿದ ದೂರವನ್ನೂ ವೇಗವನ್ನೂ ಅಳೆಯಿರಿ. ಕಣ್ಣಿಗೆ ಕಾಣುವ ವೇದಿಕೆಯನ್ನು ತಲುಪುವುದಕ್ಕೂ ತಡವಾದರೆ ದೋಷ ನೆನಪಿನದಲ್ಲ. ಪ್ಲಸ್ ಮೇಜ್‌ನಲ್ಲಿ ಮುಚ್ಚಿದ ತೋಳುಗಳ ಪ್ರವೇಶವನ್ನೂ ಎಣಿಸಿ. ಅದೂ ಏರಿದ್ದರೆ ಹೆಚ್ಚಿರುವುದು ಬರೀ ಓಡಾಟವಿರಬಹುದು.

ಉತ್ತರ 2: ಔಷಧವನ್ನು ಯಾವಾಗ ಕೊಟ್ಟಿರಿ ಎಂಬುದೇ ಇಲ್ಲಿ ಮುಖ್ಯ. ತರಬೇತಿಗೆ ಮುಂಚೆ ಕೊಟ್ಟರೆ ಕಲಿಕೆಗೂ, ತರಬೇತಿ ಮುಗಿದ ಕೂಡಲೇ ಕೊಟ್ಟರೆ ನೆನಪು ನೆಲೆಗೊಳ್ಳುವುದಕ್ಕೂ, ಪರೀಕ್ಷೆಗೆ ಮುಂಚೆ ಕೊಟ್ಟರೆ ನೆನಪಿಸಿಕೊಳ್ಳುವುದಕ್ಕೂ ತೊಡಕಾಗಬಹುದು. ಈ ಮೂರನ್ನೂ ಒಂದೇ ಗುಂಪಿನಿಂದ ಬೇರ್ಪಡಿಸಲಾಗದು. ಕೊನೆಗೆ ವೇದಿಕೆಯನ್ನೇ ತೆಗೆದು, ಕೊಳದಲ್ಲಿ ಅದಿದ್ದ ಕಾಲುಭಾಗದಲ್ಲಿ ಇಲಿ ಎಷ್ಟು ಹೊತ್ತು ಹುಡುಕಾಡುತ್ತದೆಂದು ನೋಡಿ. ಕೆಲವು ಇಲಿಗಳು ಈಜದೆ ಸುಮ್ಮನೆ ತೇಲುತ್ತವೆ. ಅವನ್ನು ಪ್ರತ್ಯೇಕವಾಗಿ ಗುರುತಿಸಿ.

ಉತ್ತರ 3: ಒಂದು ಸೇರ್ಪಡೆ: ಪ್ಲಸ್ ಮೇಜ್‌ಗೆ ಒಮ್ಮೆ ಇಳಿದ ಇಲಿಯ ಮೇಲೆ ಎರಡನೆಯ ಸಲ ಡಯಾಜೆಪಾಮ್‌ನ ಪರಿಣಾಮ ಬಹುಮಟ್ಟಿಗೆ ಕಾಣಿಸುವುದಿಲ್ಲ, ಹಾಗಾಗಿ ಮರುಪರೀಕ್ಷೆಗೆ ಹೊಸ ಇಲಿಗಳನ್ನೇ ಬಳಸಿ.