ಸೋಲಾರ್ ಅಗ್ಗ ಆದ್ಮೇಲೂ ಕಲ್ಲಿದ್ದಲು ಯಾಕೆ ಬಿಡ್ತಿಲ್ಲ?

ಪ್ರಶ್ನೆ: ಮೇಡಂ, ನೀವು ಎನರ್ಜಿ ಪಾಲಿಸಿ ಫೀಲ್ಡಲ್ಲಿ ಇರೋದ್ರಿಂದ ಕೇಳ್ತಿದೀನಿ. ಸೋಲಾರ್ ಇಷ್ಟು ಅಗ್ಗ ಆಗಿದೆ ಅಂತಾರೆ, ಆದ್ರೂ ದೇಶಗಳು ಕಲ್ಲಿದ್ದಲು, ತೈಲಕ್ಕೇ ಅಂಟ್ಕೊಂಡಿವೆ. ಇದು ರೇಟಿನ ಲೆಕ್ಕಾನಾ, ಇಲ್ಲ ರಾಜಕೀಯಾನಾ?

ಉತ್ತರ: ರೇಟೂ ಇದೆ, ಆದ್ರೆ ರೇಟ್ ಒಂದರಿಂದಾನೇ ಎಲ್ಲಾ ತೀರ್ಮಾನ ಆಗೋದಾಗಿದ್ರೆ ಎಲ್ಲರೂ ಒಂದೇ ದಾರಿ ಹಿಡೀಬೇಕಿತ್ತಲ್ವಾ. 1973ರಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹಾಕಿದಾಗ ಬೆಲೆ ಕೆಲವೇ ತಿಂಗಳಲ್ಲಿ ಹೆಚ್ಚುಕಮ್ಮಿ ನಾಲ್ಕು ಪಟ್ಟಾಯ್ತು, ಫ್ರಾನ್ಸಿಗೂ ಏಟು ಬಿತ್ತು ಡೆನ್ಮಾರ್ಕಿಗೂ ಬಿತ್ತು. ಫ್ರಾನ್ಸಲ್ಲಿ ಕರೆಂಟ್ ಕಂಪನಿ ಸರ್ಕಾರದ್ದೇ, ಅಧಿಕಾರ ಎಲ್ಲಾ ಪ್ಯಾರಿಸಲ್ಲೇ, ಹಾಗಾಗಿ 1974ರಲ್ಲಿ ಪ್ರಧಾನಿ ಮೆಸ್ಮೆರ್ ಪಾರ್ಲಿಮೆಂಟಲ್ಲಿ ಚರ್ಚೆನೂ ಇಲ್ದೆ ಅಣುಸ್ಥಾವರಗಳ ದೊಡ್ಡ ಪ್ಲಾನ್ ಘೋಷಿಸಿಬಿಟ್ರು, ಇವತ್ತಿಗೂ ಅಲ್ಲಿನ ಕರೆಂಟಲ್ಲಿ ಸುಮಾರು ಮೂರನೇ ಎರಡು ಭಾಗ ಅಣುವಿಂದಾನೇ. ಡೆನ್ಮಾರ್ಕಲ್ಲೂ ಅಣು ಪ್ಲಾನ್ ಇತ್ತು, ಆದ್ರೆ ಜನ ಬೀದಿಗಿಳಿದ್ರು, 1985ರಲ್ಲಿ ಪಾರ್ಲಿಮೆಂಟೇ ಬೇಡ ಅಂತು, ಊರಿನವ್ರೇ ಸೇರಿ ಷೇರು ಹಾಕಿ ವಿಂಡ್ ಟರ್ಬೈನ್ ನಿಲ್ಲಿಸಿದ್ರು. (ನಡುವೆ ಕಲ್ಲಿದ್ದಲನ್ನೂ ಸಿಕ್ಕಾಪಟ್ಟೆ ಸುಟ್ರು, ಅದನ್ನ ಮಾತ್ರ ಯಾರೂ ಹೇಳಲ್ಲ!)

ಪ್ರಶ್ನೆ: ಹಾಗಾದ್ರೆ ಜರ್ಮನಿ? ಅಣು ಮುಚ್ಚಿ ಕಲ್ಲಿದ್ದಲು ಉಳಿಸ್ಕೊಂಡಿದ್ದು ಯಾವ ಲಾಜಿಕ್ಕು?

ಉತ್ತರ: ಓಟಿನ ಲಾಜಿಕ್ಕು. ಬೈಗುಳ ಎಲ್ಲಾ ಅಣು ಬೇಡ ಅನ್ನೋ ಗ್ರೀನ್ ಪಾರ್ಟಿಗೆ ಬೀಳುತ್ತೆ, ಆದ್ರೆ 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ಆದ್ಮೇಲೆ 2022ರೊಳಗೆ ಅಣು ಮುಚ್ಚೋಣ ಅಂತ ಡೇಟ್ ಫಿಕ್ಸ್ ಮಾಡಿದ್ದು ಆಗಿನ ಚಾನ್ಸೆಲರ್ ಮರ್ಕೆಲ್ ಸರ್ಕಾರ, ರಷ್ಯಾದ ಅಗ್ಗದ ಗ್ಯಾಸ್ ಇದ್ದೇ ಇದೆ ಅನ್ನೋ ಧೈರ್ಯನೂ ಇತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಆ ಗ್ಯಾಸ್ ನಿಂತೋಯ್ತು, ನಿಲ್ಲಿಸಿದ್ದ ಕಲ್ಲಿದ್ದಲು ಘಟಕಗಳನ್ನ ವಾಪಸ್ ಹಚ್ಚಿದ್ರು, ಅಷ್ಟಾದ್ರೂ ಕೊನೇ ಮೂರು ಅಣುಸ್ಥಾವರಕ್ಕೆ ಸಿಕ್ಕಿದ್ದು ಬರೀ 2023ರ ಏಪ್ರಿಲ್‌ವರೆಗೆ ಟೈಮು. ಕಲ್ಲಿದ್ದಲಿಗೆ ಮಾತ್ರ 2038ರವರೆಗೆ ಗಡುವು, ಮೇಲೆ ಗಣಿ ಪ್ರದೇಶಗಳಿಗೆ 40 ಬಿಲಿಯನ್ ಯೂರೋವರೆಗೆ ನೆರವು. ಗಣಿ ಕಾರ್ಮಿಕರಿಗೆ ಯೂನಿಯನ್ ಇದೆ, ಎಂಪಿಗಳಿದಾರೆ, ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಪ್ರಶ್ನೆ: ಸರಿ, ಎಲ್ಲರೂ ಸೋಲಾರ್‌ಗೆ ಬಂದ್ರೆ ಈ ಹಾರ್ಮುಜ್ (ಕೊಲ್ಲಿ ದೇಶಗಳ ತೈಲ ಹಡಗುಗಳು ಹಾದುಹೋಗೋ ಜಲಸಂಧಿ), ಪೈಪ್‌ಲೈನ್ ಜಗಳ ಎಲ್ಲಾ ಮುಗಿಯುತ್ತಾ?

ಉತ್ತರ: ಕಮ್ಮಿ ಆಗುತ್ತೆ, ಮುಗಿಯಲ್ಲ. ಪ್ಯಾನೆಲ್ಲಿನ ಕಚ್ಚಾ ವಸ್ತು ಪಾಲಿಸಿಲಿಕಾನ್‌ನಿಂದ ಪ್ಯಾನೆಲ್‌ವರೆಗೆ ತಯಾರಿಕೆಯ ಪ್ರತಿ ಹಂತದಲ್ಲೂ ಚೀನಾ ಪಾಲು ಶೇ. 80ಕ್ಕಿಂತ ಜಾಸ್ತಿ, ನಾಳೆ ಅವ್ರು ರಫ್ತು ನಿಲ್ಲಿಸಿದ್ರೆ ಹೊಸ ಪ್ರಾಜೆಕ್ಟ್ ನಿಲ್ಲುತ್ತೆ ನಿಜ. ಆದ್ರೆ ಆಗ್ಲೇ ಹಾಕಿರೋ ಪ್ಯಾನೆಲ್ 25 ವರ್ಷ ಕರೆಂಟ್ ಕೊಡ್ತಾನೇ ಇರುತ್ತೆ, ಗ್ಯಾಸ್ ಥರ ವಾಲ್ವ್ ತಿರುಗಿಸಿ ಒಂದೇ ದಿನಕ್ಕೆ ಕತ್ತಲೆ ಮಾಡಕ್ಕಾಗಲ್ಲ.