30 ವಾರಕ್ಕೆ ಹುಟ್ಟಿದ ಮಗು: ಈಗಲೇ ಪರೀಕ್ಷೆ ಮಾಡಿಸಬೇಕಾ? ಸಹಾಯ ಬೇಕು

ನಮ್ಮ ಪಾಪು ಹುಟ್ಟಿದ್ದು 30 ವಾರಕ್ಕೆ. ಈಗ ಆರು ತಿಂಗಳು, ಕರೆಕ್ಟೆಡ್ ಏಜ್ (ಹುಟ್ಟಬೇಕಿದ್ದ ದಿನದಿಂದ ಎಣಿಸೋ ವಯಸ್ಸು) ಲೆಕ್ಕದಲ್ಲಿ ಮೂರೂವರೆ. ಕುತ್ತಿಗೆ ಪೂರ್ತಿ ನಿಂತಿಲ್ಲ, ಈ ವಯಸ್ಸಿಗೆ ಅದು ಸರಿನೇ. ಆದರೆ ಡೈಪರ್ ಬದಲಿಸುವಾಗ ಕಾಲು ಬಿಗಿ ಹಿಡೀತಾನೆ, ಬಲಗೈ ಹೆಬ್ಬೆರಳು ಸದಾ ಮುಷ್ಟಿಯೊಳಗೇ ಇರುತ್ತೆ. ಅದನ್ನ ನೋಡಿದಾಗೆಲ್ಲ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕೆಡೋದು) ಇರಬಹುದಾ ಅಂತ ಹೊಟ್ಟೆ ಕಿವುಚುತ್ತೆ.

ಎಚ್ಚರ ಇದ್ದಾಗ ಬೋರಲು ಮಲಗಿಸ್ತೀವಿ, ಮಸಾಜ್ ಮಾಡ್ತೀವಿ. ಮಕ್ಕಳ ಡಾಕ್ಟರು 'ವರ್ಷ ತುಂಬಲಿ, ನೋಡೋಣ' ಅಂತಾರೆ. ಫಿಸಿಯೋಥೆರಪಿಸ್ಟ್ ಮಾತ್ರ, ಜನರಲ್ ಮೂವ್‌ಮೆಂಟ್ಸ್ ವಿಡಿಯೋ ಪರೀಕ್ಷೆ (ಮಗು ತಾನಾಗಿ ಮಾಡೋ ಸಣ್ಣ ಸಣ್ಣ ಚಲನೆಗಳನ್ನ ವಿಡಿಯೋದಲ್ಲಿ ನೋಡಿ ತೊಂದರೆ ಗುರುತಿಸೋದು) ಕರೆಕ್ಟೆಡ್ ಐದು ತಿಂಗಳೊಳಗೇ ಆಗಬೇಕು, ಆಮೇಲೆ ಆ ಚಲನೆಗಳು ಮಾಯ ಆಗ್ತವೆ ಅಂತಾರೆ. ಕಾಯೋಕೆ ನಮಗೆ ಮನಸ್ಸಿಲ್ಲ.

ಜಿಲ್ಲಾಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನ ಬೇಗ ಪತ್ತೆಹಚ್ಚಿ ಚಿಕಿತ್ಸೆ ಕೊಡೋ ಸರ್ಕಾರಿ ಕೇಂದ್ರ) ಈ ವಿಡಿಯೋ ಪರೀಕ್ಷೆ ಅಥವಾ ಹ್ಯಾಮರ್‌ಸ್ಮಿತ್ ಪರೀಕ್ಷೆ (ಮಗುವಿನ ಸ್ನಾಯು ಬಿಗಿತ, ಚಲನೆ ಎಲ್ಲ ಕೈಯಿಂದ ಮುಟ್ಟಿ ನೋಡಿ ಅಂಕ ಕೊಡೋ ನರಗಳ ತಪಾಸಣೆ) ಮಾಡಿಸಿದವರು ಇದ್ದೀರಾ? ರೆಫರಲ್ ಚೀಟಿ ಇಲ್ಲದೆ ನೇರವಾಗಿ ಹೋದರೆ ನೋಡ್ತಾರಾ?