150-600 ಲೆನ್ಸ್ 600ರಲ್ಲಿ ಸಾಫ್ಟ್: ಮಾರಿ ಪ್ರೈಮ್ ಕೊಳ್ಳಬೇಕೇ?

ಗೀಜಗ:
ಆರಂಭಿಕ ಮಟ್ಟದ ಡಿಎಸ್‌ಎಲ್‌ಆರ್, 24 ಮೆಗಾಪಿಕ್ಸೆಲ್, 1.5 ಕ್ರಾಪ್ (ಸೆನ್ಸರ್ ಚಿಕ್ಕದು, ದೃಶ್ಯ 1.5 ಪಟ್ಟು ಹತ್ತಿರ ಕಾಣುತ್ತೆ). ಲೆನ್ಸ್ 150-600 ಎಂಎಂ ಜೂಮ್, ಎಫ್/5-6.3. 400ರ ತನಕ ಪರವಾಗಿಲ್ಲ, 600ರಲ್ಲಿ ಒಂದೂ ಶಾರ್ಪ್ ಬರ್ತಿಲ್ಲ. ರಂಗನತಿಟ್ಟಿನ ದೋಣಿಯಿಂದ ಬಣ್ಣದ ಕೊಕ್ಕರೆ: ಶಟರ್ 1/500 ಸೆಕೆಂಡ್, ಎಫ್/6.3, ಐಎಸ್‌ಒ 400. ಮೈದನಹಳ್ಳಿಯಲ್ಲಿ ಕೃಷ್ಣಮೃಗ: ಬೆಳಿಗ್ಗೆ 11 ಗಂಟೆ, ಸುಮಾರು 150 ಮೀಟರ್ ದೂರ, 1/1600, ಎಫ್/8. ಇದನ್ನು ಮಾರಿ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಕೊಳ್ಳೋದು ಒಳ್ಳೇದಾ? ಅಥವಾ ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕಿ 1.4 ಪಟ್ಟು ಹಿಗ್ಗಿಸುವ 1.4 ಎಕ್ಸ್ ಕನ್ವರ್ಟರ್ ಸಾಕಾ?

ಕಾಜಾಣ:
ದಯವಿಟ್ಟು ಈಗಲೇ ಮಾರಬೇಡಿ. ನಿಮ್ಮ ಎರಡು ಫೋಟೋಗಳು ಸಾಫ್ಟ್ ಆಗಿರೋದಕ್ಕೆ ಕಾರಣ ಒಂದೇ ಇರಲಿಕ್ಕಿಲ್ಲ.

ಕೊಕ್ಕರೆ ಫೋಟೋವನ್ನು 100%ಗೆ ಹಿಗ್ಗಿಸಿ ಕಣ್ಣಿನೊಳಗಿನ ಹೊಳಪನ್ನು ನೋಡಿ. ಅದು ದುಂಡಗಿನ ಚುಕ್ಕೆಯಾಗಿರಬೇಕು. ಚಿಕ್ಕ ಗೆರೆಯ ಹಾಗೆ ಎಳೆದುಕೊಂಡಿದ್ದು, ಪಕ್ಕದ ಎಲೆಗಳ ಮೇಲಿನ ಹೊಳಪೂ ಅದೇ ದಿಕ್ಕಿಗೆ ಎಳೆದಿದ್ದರೆ ಅದು ಕ್ಯಾಮೆರಾ ಅಲುಗಾಟ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ ಫೋಕಲ್ ಲೆಂತ್ ಮತ್ತು ಕ್ರಾಪ್‌ನ ಗುಣಲಬ್ಧಕ್ಕೆ ತಕ್ಕಷ್ಟಾದರೂ ಇರಬೇಕು. 600ನ್ನು 1.5ರಿಂದ ಗುಣಿಸಿದರೆ 900, ಅಂದರೆ ನೆಲದ ಮೇಲೆ ನಿಂತಾಗಲೇ ಕನಿಷ್ಠ 1/1000 ಬೇಕು. ತೇಲುವ ದೋಣಿಗೆ 1/1600 ಇಡಿ. ಐಎಸ್‌ಒ 1250ಕ್ಕೆ ಏರುತ್ತೆ, ಏರಲಿ ಬಿಡಿ. ನಾಯ್ಸ್ ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಚಿತ್ರ ಸರಿ ಮಾಡೋಕಾಗಲ್ಲ. ಸ್ಟೆಬಿಲೈಸರ್ ನಿಮ್ಮ ಕೈ ನಡುಕವನ್ನು ತಡೆಯುತ್ತೆ, ಹಕ್ಕಿ ಕತ್ತು ತಿರುಗಿಸೋದನ್ನಲ್ಲ.

ಹೊಳಪು ಎಳೆದಿಲ್ಲ, ಆದರೆ ಕೊಕ್ಕಿನ ತುದಿ ಶಾರ್ಪ್ ಇದ್ದು ಕಣ್ಣು ಮಸುಕಾಗಿದೆಯಾ? ಹಾಗಿದ್ದರೆ ಫೋಕಸ್ ತಪ್ಪಿದೆ. 10 ಮೀಟರ್ ದೂರದಲ್ಲಿ, 600ರಲ್ಲಿ, ಎಫ್/6.3ಗೆ ಶಾರ್ಪ್ ಇರುವ ಆಳ ಹೆಚ್ಚುಕಮ್ಮಿ 7 ಸೆಂಟಿಮೀಟರ್. ಬಣ್ಣದ ಕೊಕ್ಕರೆಯ ಕೊಕ್ಕೇ ಅದಕ್ಕಿಂತ ಬಹಳ ಉದ್ದ.

ಕೃಷ್ಣಮೃಗದ್ದು ಬೇರೆ ಕಥೆ. ಕಾದ ನೆಲದಿಂದ ಏಳುವ ಬಿಸಿಗಾಳಿ! ಸಾಲಾಗಿ ತೆಗೆದ ಹತ್ತು ಫ್ರೇಮ್ ಒಂದರ ಹಿಂದೊಂದು ತಿರುವಿ ನೋಡಿ. ಕೊಂಬಿನ ಅಂಚು ಒಂದೊಂದು ಫ್ರೇಮಲ್ಲಿ ಒಂದೊಂದು ಥರ ಅಲೆಯಾಡಿದ್ದರೆ ಎಷ್ಟು ದುಬಾರಿ ಪ್ರೈಮ್ ತಂದರೂ ಅಷ್ಟೇ. ಬಯಲಿಗೆ ಸೂರ್ಯೋದಯಕ್ಕೇ ಹೋಗಿ, ನೆಲ ಕಾಯುವ ಮೊದಲೇ ಮುಗಿಸಿ. ಗಾಡಿಯ ಬಾನೆಟ್ ಮೇಲಿಂದ ತೆಗೆಯಬೇಡಿ, ಎಂಜಿನ್ ಆರಿಸಿದ ಮೇಲೂ ಅಲ್ಲಿ ಗಾಳಿ ಕುದೀತಾ ಇರುತ್ತೆ.

ಮಿಂಚುಳ್ಳಿ:
ದೂರದ ಬಗ್ಗೆ ಒಂದು ಲೆಕ್ಕ. ನಿಮ್ಮ ಸೆನ್ಸರ್‌ನಲ್ಲಿ 600 ಎಂಎಂ, 50 ಮೀಟರ್ ಅಂದರೆ ಫ್ರೇಮಿನ ಅಗಲ ಸುಮಾರು 2 ಮೀಟರ್. 17 ಸೆಂ.ಮೀ. ಉದ್ದದ ಮಿಂಚುಳ್ಳಿ ಅದರಲ್ಲಿ ಬರೀ 520 ಪಿಕ್ಸೆಲ್. ಅದನ್ನು ಕ್ರಾಪ್ ಮಾಡಿದರೆ ಯಾವ ಲೆನ್ಸ್‌ನಲ್ಲೂ ಗರಿಗಳ ಎಳೆ ಕಾಣಲ್ಲ. 15 ಮೀಟರ್‌ಗೆ ಬನ್ನಿ, 1,700 ಪಿಕ್ಸೆಲ್ ದಾಟುತ್ತೆ. 15 ಮೀಟರ್‌ನಲ್ಲಿ 300 ಎಂಎಂ ಲೆನ್ಸೂ ಸುಮಾರು 870 ಕೊಡುತ್ತೆ, 50 ಮೀಟರ್‌ನ 600ಕ್ಕಿಂತ ಎಷ್ಟೋ ಮೇಲು.

ಕನ್ವರ್ಟರ್ ಬೇಡ. 1.4 ಎಕ್ಸ್ ಹಾಕಿದರೆ ಎಫ್/6.3 ಹೋಗಿ ಎಫ್/9 ಆಗುತ್ತೆ. ಒಳ್ಳೆಯ ಡಿಎಸ್‌ಎಲ್‌ಆರ್‌ಗಳೇ ಎಫ್/8ರ ಆಚೆ ಫೋಕಸ್ ಹಿಡಿಯೋಕೆ ಒದ್ದಾಡುತ್ತವೆ.

ಲೆನ್ಸ್ ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ತೆಗೆದಿಡಿ. ಆಮೇಲೆ ಈ ಪರೀಕ್ಷೆ ಮಾಡಿ. ಟ್ರೈಪಾಡ್, ಸ್ಟೆಬಿಲೈಸರ್ ಆಫ್, 2 ಸೆಕೆಂಡ್ ಟೈಮರ್, ಬೆಳಗಿನ ತಂಪು ಹೊತ್ತು. 10 ಮೀಟರ್ ದೂರದಲ್ಲಿ ಐದು ಬೆಂಕಿಪೊಟ್ಟಣ ಓರೆಯಾಗಿ ಸಾಲಿಡಿ, ಒಂದೊಂದೂ ಹಿಂದಿನದಕ್ಕಿಂತ 5 ಸೆಂ.ಮೀ. ಆಚೆ. ನಡುವಿನದಕ್ಕೆ ಒಂದೇ ಫೋಕಸ್ ಪಾಯಿಂಟ್. ವ್ಯೂಫೈಂಡರ್‌ನಲ್ಲಿ ಹತ್ತು, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು) ಹತ್ತು ತೆಗೆಯಿರಿ. ಪ್ರತಿ ಸಲವೂ ಫೋಕಸ್ ಕೆಡಿಸಿ ಹೊಸದಾಗಿ ಹಿಡಿಯಿರಿ. ಒಂದೇ ಫೋಟೋ ನೋಡಿ ತೀರ್ಮಾನಿಸಬೇಡಿ.

ಗೀಜಗ:
ಮಾಡಿದೆ. ಲೈವ್ ವ್ಯೂನಲ್ಲಿ ಹತ್ತಕ್ಕೆ ಒಂಬತ್ತು ಶಾರ್ಪ್, ಲೇಬಲ್ಲಿನ ಸಣ್ಣ ಅಕ್ಷರವೂ ಓದಬಹುದು. ವ್ಯೂಫೈಂಡರ್‌ನಲ್ಲಿ ಹತ್ತರಲ್ಲಿ ಎಂಟು ಸಲ ನಡುವಿನದು ಮಸುಕು, ಅದರ ಹಿಂದಿನ ಪೊಟ್ಟಣ ಶಾರ್ಪ್. ಕೊಕ್ಕರೆಯ ಕಣ್ಣಿನ ಹೊಳಪೂ ಎಳೆದಿದೆ.

ಮಿಂಚುಳ್ಳಿ:
ಹಾಗಾದರೆ ಗಾಜು ಚೆನ್ನಾಗಿದೆ. ಲೈವ್ ವ್ಯೂ ನೇರ ಸೆನ್ಸರ್‌ನಿಂದಲೇ ಫೋಕಸ್ ನೋಡುತ್ತೆ, ವ್ಯೂಫೈಂಡರ್‌ನದು ಬೇರೆ ಸೆನ್ಸರ್, ಬೇರೆ ದಾರಿ. ಎರಡರ ಹೊಂದಾಣಿಕೆ ತಪ್ಪಿ ಫೋಕಸ್ ಹಿಂದಕ್ಕೆ ಬೀಳ್ತಿದೆ. ಕ್ಯಾಮೆರಾ ಬಾಡಿಯ ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ (ಆಟೋಫೋಕಸನ್ನು ಹಿಂದೆ-ಮುಂದೆ ಸರಿಸುವ ಸೌಲಭ್ಯ) ಇದ್ದರೆ ಅಲ್ಲೇ ಸರಿಮಾಡಿ. ಆರಂಭಿಕ ಬಾಡಿಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಆಗ ಲೆನ್ಸನ್ನೇ ಟ್ಯೂನ್ ಮಾಡಬೇಕು: ಸಿಗ್ಮಾದ ಹೊಸ ಲೆನ್ಸ್‌ಗಳಿಗೆ ಯುಎಸ್‌ಬಿ ಡಾಕ್, ಟ್ಯಾಮ್ರಾನ್ ಜಿ2ಗೆ ಟ್ಯಾಪ್-ಇನ್ ಕನ್ಸೋಲ್. ಎರಡೂ ಲೆನ್ಸನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಧನಗಳು. ನಿಮ್ಮ ಲೆನ್ಸ್ ಮೌಂಟಿಗೆ (ಕ್ಯಾಮೆರಾಗೆ ಕೂರುವ ಜೋಡಣೆಗೆ) ಹೊಂದುವುದನ್ನೇ ತರಿಸಿ. ಸಿಗ್ಮಾ ಡಾಕ್‌ನಲ್ಲಿ ನಾಲ್ಕು ಫೋಕಲ್ ಲೆಂತ್, ನಾಲ್ಕು ದೂರ, ಒಟ್ಟು 16 ಅಂಕಿ ತುಂಬಬಹುದು. 600ರ ಸಾಲಿನಿಂದ ಶುರು ಮಾಡಿ. ಫೋಕಸ್ ಹಿಂದೆ ಬೀಳ್ತಿರೋದರಿಂದ ಮೈನಸ್ ಕಡೆಗೆ, -4 ಹಾಕಿ ಮತ್ತೆ ಹತ್ತು ಫೋಟೋ. ಹತ್ತಿರದ ಅಂಕಿ ಸರಿಹೋಯಿತೆಂದು ದೂರದ್ದು ಬಿಡಬೇಡಿ, 30 ಮೀಟರ್‌ಗೂ ಪರೀಕ್ಷಿಸಿ.

ಕಾಜಾಣ:
ಪ್ರೈಮ್ ಬಗ್ಗೆ: 500 ಎಫ್/4ರ ನಿಜವಾದ ಬೆಲೆ ಗೊತ್ತಾಗೋದು ನಾಗರಹೊಳೆಯಂಥ ದಟ್ಟ ಮರಗಳ ಕೆಳಗೆ, ಬೆಳಕು ಹರಿಯುವ ಹೊತ್ತಲ್ಲಿ. ಎಫ್/6.3ಗೆ ಐಎಸ್‌ಒ 6400 ಬೇಕಾದಲ್ಲಿ ಇದಕ್ಕೆ 2500 ಸಾಕು. ಆದರೆ ತೂಕ 3 ಕಿಲೋ, ಕೈಯಲ್ಲಿ ಹಿಡಿದು ಓಡಾಡೋಕಾಗಲ್ಲ. ನಿಕಾನ್‌ನ 500 ಎಫ್/5.6 ಪಿಎಫ್ 1,460 ಗ್ರಾಂ, ಹಿಡಿಯಲು ಸುಖ. ಬೆಳಕಿನ ಲಾಭ ಮಾತ್ರ ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು), ಮೇಲಾಗಿ 100 ಎಂಎಂ ಕಳೆದುಕೊಳ್ತೀರಿ.

ಹಣ ಖರ್ಚು ಮಾಡಲೇಬೇಕು ಅಂದರೆ ಲೆನ್ಸಿಗಲ್ಲ, ಹೊಸ ಕ್ಯಾಮೆರಾ ಬಾಡಿಯ ಮೇಲೆ ಹಾಕಿ. ಮಿರರ್‌ಲೆಸ್‌ನಲ್ಲಿ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಫೋಕಸ್ ಸೆನ್ಸರ್‌ನಲ್ಲೇ ಆಗೋದರಿಂದ ಈ ಟ್ಯೂನಿಂಗ್ ತಾಪತ್ರಯ ಇಲ್ಲ, ಹಕ್ಕಿಯ ಕಣ್ಣನ್ನು ತಾನೇ ಗುರುತಿಸುವ ಬಾಡಿಗಳೂ ಇವೆ. ಆಗ ಸೋನಿ 200-600, ನಿಕಾನ್ ಝಡ್ 180-600 ನೋಡಬಹುದು. ಎರಡರಲ್ಲೂ ಜೂಮ್ ಮಾಡಿದಾಗ ಲೆನ್ಸ್ ಉದ್ದ ಆಗಲ್ಲ, ದೋಣಿಯಲ್ಲಿ ಕೂತಾಗ ಅದೇ ದೊಡ್ಡ ಅನುಕೂಲ. ಕ್ಯಾನನ್ ಆರ್‌ಎಫ್ 100-500 ಇವುಗಳಿಗಿಂತ ಹಗುರ, 500ರಲ್ಲಿ ಮಾತ್ರ ಎಫ್/7.1.

ರಂಗನತಿಟ್ಟಿಗೆ ಮತ್ತೆ ಹೋದಾಗ ಅಲ್ಲಿ 600 ಬಳಸಲೇಬೇಡಿ. ದೋಣಿ ಗೂಡುಗಳ ಹತ್ತಿರಕ್ಕೇ ಹೋಗುತ್ತೆ, 300ರಿಂದ 400ರೊಳಗೆ ಇಡೀ ಕೊಕ್ಕರೆ ರೆಕ್ಕೆ ಸಮೇತ ಫ್ರೇಮಲ್ಲಿ ಕೂರುತ್ತೆ.